ಕಡೇ ಹಾಲು

ಅಂಜಿನಮ್ಮನ ಹೆಬ್ಬೆರಳ ಉಗುರಿನ ಮೇಲೆ ಬಿದ್ದ ಎದೆಹಾಲಿನ ಹನಿ ನಿಲ್ಲಲಿಲ್ಲ, ನೀರಿನ ಹಾಗೆ ಜಾರಿಹೋಯಿತು. ಅವಳು ಬೆರಳು ಒರೆಸಿಕೊಂಡು ಸೊಸೆಯ ಮುಖ ನೋಡಿದಳು.

"ಅಜ್ಜಂಪುರದ ಕಾವಲಲ್ಲಿ ದೊರೆಗಳ ದನಾನೂ ಹುಲ್ಲೇ ತಿನ್ನೋದು. ನಮ್ಮೆಮ್ಮೇನೂ ಹುಲ್ಲೇ ತಿನ್ನೋದು. ಅವು ಬೆಣ್ಣೆ ಮಾಡ್ತವೆ. ನೀನು ತುಪ್ಪ ತಿಂದು ನೀರು ಮಾಡ್ತೀಯಲ್ಲೇ! ಬೆಳಿಗ್ಗೆ ಗಾಡಿ ಹೂಡಿಸ್ತೀನಿ. ಮಗು ದೇವನೂರಲ್ಲಿರ್ಲಿ. ನಮ್ಮ ಕೆಂಚಿ ತನ್ ಮಗೀನ ಜೊತೆ ಇದಕ್ಕೂ ಹಾಲು ಕೊಡ್ತಾಳೆ."

ಕೆಂಚಿ ಅಂಜಿನಮ್ಮನ ಮಗಳು, ದೇವನೂರಿಗೆ ಕೊಟ್ಟವಳು. ಸೊಸೆ ತೀರ್ಥಮ್ಮ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ತಾಯಿಯಿಲ್ಲದ್ದರಿಂದ ಬಾಣಂತನಕ್ಕೂ ಸಿಂಗಟಗೆರೆಯ ಅತ್ತೆಮನೆಯಲ್ಲೇ ಉಳಿದವಳು ಅವಳು. ಮಗು ಮತ್ತೆ ಮತ್ತೆ ಕುಡಿಯುತ್ತಿತ್ತು, ಮತ್ತೆ ಮತ್ತೆ ಅಳುತ್ತಿತ್ತು. ತೊಡೆಯ ಚರ್ಮ ಸಡಿಲವಾಗಿಯೇ ಇತ್ತು. ಎದೆಗೆ ಹಾಕಿದಾಗಲೆಲ್ಲ ಅತ್ತೆ ಪಕ್ಕದಲ್ಲೇ ಕೂರುವಳು. ನಾಲ್ಕು ಗುಟುಕು ಇಳಿದರೆ ಸಾಕು, "ಆ ಕಡೆ ಹಾಕೇ, ಒಂದೇ ಮಗ್ಗುಲಾದ್ರೆ ಕತ್ತು ವಾಲ್ತದೆ" ಎನ್ನುವಳು.

ಬೆಳಿಗ್ಗೆ ತೀರ್ಥಮ್ಮ ಕೋಣೆಯ ಬಾಗಿಲ ಸಂದಿಯಿಂದ ಕೊಟ್ಟಿಗೆಯತ್ತ ನೋಡುತ್ತ ನಿಂತಳು. ಅತ್ತೆ ಎಮ್ಮೆ ಕರೆಯುತ್ತಿದ್ದಳು. ಮೊದಲ ಹಾಲು ತಂಬಿಗೆಗೆ ತೆಳ್ಳಗೆ, ಸುರ್ರೆಂದು ಬಿತ್ತು. ಕೆಚ್ಚಲು ಸಡಿಲಾದ ಮೇಲೆ ಅವಳು ತಂಬಿಗೆ ಸರಿಸಿ, ಪುಟ್ಟ ಕುಡಿಕೆಯಿಟ್ಟು, ನೀವಿ ನೀವಿ ಕಡೇ ಹಾಲು ಹಿಂಡಿದಳು. ಅದು ಮಂದವಾಗಿ, ನಿಧಾನವಾಗಿ ಇಳಿಯಿತು. ಬೆಣ್ಣೆಗೆಂದು ಅದನ್ನೇ ಬೇರೆ ಇಡುವುದು ಈ ಮನೆಯ ರೂಢಿ.

ಗೋದಲಿಯ ರಾಗಿಹುಲ್ಲನ್ನು ಎಷ್ಟು ತಿಕ್ಕಿದರೂ ಬೆರಳಿಗೆ ಜಿಡ್ಡು ಹತ್ತುವುದಿಲ್ಲ. ಅದರಿಂದ ಎಮ್ಮೆಯ ಹೊಟ್ಟೆ ಬೆಣ್ಣೆಯನ್ನು ಹೇಗೆ ಮಾಡುತ್ತದೋ. ಮಾಡಿದ್ದನ್ನು ಮೊದಲಿಗೇ ಬಿಟ್ಟುಕೊಡುವುದಂತೂ ಇಲ್ಲ. ನಾಲ್ಕೇ ಗುಟುಕಿಗೆ ಮಗ್ಗುಲು ಬದಲಿಸುತ್ತಿದ್ದುದು ನೆನಪಾಗಿ ತೀರ್ಥಮ್ಮ ತನ್ನೆದೆ ಮುಟ್ಟಿಕೊಂಡಳು. ಓಡಿಬಂದು ಮಗುವನ್ನು ಎತ್ತಿಕೊಂಡು ಎದೆಗೆ ಹಾಕಿದಳು.

ಹೊರಗೆ ಗಾಡಿ ಹೂಡಿ ಗಂಡ ಬೀರಪ್ಪ ಕೂಗಿದ: "ಅವ್ವಾ, ಬಿಸಿಲೇರ್ತದೆ ಕಣವ್ವಾ!"

ಅಂಜಿನಮ್ಮ ಒಳಗೆ ಬಂದಳು. "ಆ ಕಡೆ ಹಾಕಿ ಮುಗ್ಸೇ. ಹೊತ್ತಾಯ್ತು."

"ಇಲ್ಲತ್ತೆ."

"ಏನಂದೆ?"

ತೀರ್ಥಮ್ಮ ಮಗುವನ್ನು ಅದೇ ಮಗ್ಗುಲಿಗೆ ಒತ್ತಿ ಹಿಡಿದಳು. "ತಂಬಿಗೆ ಹಾಲಷ್ಟೇ ಬಂದಿರೋದು. ಕುಡಿಕೆ ಹಾಲು ಇನ್ನೂ ಬಂದಿಲ್ಲ."

ಮಗುವಿಗೆಂದು ಚಾಚಿದ ಅತ್ತೆಯ ಕೈ ಅಲ್ಲೇ ನಿಂತಿತು. ಬೈಗುಳಕ್ಕಾಗಿ ತೀರ್ಥಮ್ಮ ತಲೆ ತಗ್ಗಿಸಿ ಕಾದಳು. ಬರಲಿಲ್ಲ. ಮಗುವಿನ ದವಡೆ ನಿಧಾನವಾಯಿತು. ಒಂದೊಂದು ಗುಟುಕಿಗೂ ಗಂಟಲು ಸದ್ದು ಮಾಡಿತು.

"ಅವ್ವಾ! ಬತ್ತೀಯೋ ಇಲ್ವೋ?"

"ಕೂಗ್ಬೇಡ ಕಣೋ," ಎಂದಳು ಅಂಜಿನಮ್ಮ, ಮಗುವಿನಿಂದ ಕಣ್ಣು ಕೀಳದೆ. "ನೊಗ ಇಳ್ಸು."

ಬಿಗಿದಿದ್ದ ಮಗುವಿನ ಮುಷ್ಟಿ ಒಂದೊಂದೇ ಬೆರಳಾಗಿ ತೆರೆದುಕೊಳ್ಳುತ್ತಿತ್ತು.