ಹಿಂದಿನ ಸೀಟಿನ ಭಾರ

ನಮ್ಮ ಭಾವನವರನ್ನು ಏನು ಕೇಳಿದರೂ ಮೊದಲು ಬರುವ ಉತ್ತರ ಒಂದೇ: "ಒಂದ್ನಿಮಿಷ, ಸಿಗ್ನಲ್ ಬರ್ಲಿ." ಊಟವಾಯಿತೇ ಎಂದರೂ ಅದೇ, ಆರೋಗ್ಯವೇ ಎಂದರೂ ಅದೇ. ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ದುರಸ್ತಿ ಮಾಡುವುದು ಅವರ ಕಸುಬು. ಕತ್ತಲೆಯ ಆಳದಿಂದ ಏಳುವ ಕಿರುಗುಟ್ಟುವ ಸದ್ದುಗಳಿಗೆ ಕಿವಿಗೊಟ್ಟು ಕಿವಿಗೊಟ್ಟು ಅವರ ಕತ್ತು ಎಡಕ್ಕೆ ಕೊಂಚ ವಾಲಿಯೇ ಉಳಿದಿತ್ತು, ಬೀದಿಯಲ್ಲಿ ನಡೆಯುವಾಗಲೂ ಯಾರೋ ಮೇಲಿನ ಮಹಡಿಯಿಂದ ಕರೆಯುತ್ತಿದ್ದಾರೇನೋ ಎಂಬ ಭಂಗಿ. ಮೈಮೇಲೆ ಸದಾ ಬೂದುಬಣ್ಣದ ಒಂದು ಜಾಕೆಟ್ಟು. ಅದರ ಯಾವ ಜೇಬಿಗೆ ಕೈಹಾಕಿದರೂ ಒಂದು ತಂತಿ, ಇಲ್ಲವೇ ತಂತಿಗಾಗಿ ಕಾಯುತ್ತಿರುವ ಒಂದು ಯಂತ್ರ.

ಅವರ ಮೋಟಾರ್ ಸೈಕಲ್ಲನ್ನು ಅಕ್ಕ 'ವಿಮಾನ' ಎನ್ನುತ್ತಿದ್ದಳು. ಹ್ಯಾಂಡಲ್ಲಿನ ನಡುವೆ ದಾರಿ ತೋರಿಸುವ ಪರದೆ, ಪಕ್ಕದಲ್ಲಿ ಫೋನು, ಅದರ ಕೆಳಗೆ ಟೈರಿನ ಗಾಳಿಯ ಲೆಕ್ಕ ಹೇಳುವ ಪುಟ್ಟ ಮೀಟರು, ಹಿಂಬದಿಗೊಂದು ಕ್ಯಾಮೆರಾ. ಇವೆಲ್ಲಕ್ಕೂ ಕಿರೀಟವಿಟ್ಟಂತೆ, ಇಬ್ಬರ ಹೆಲ್ಮೆಟ್ಟುಗಳೊಳಗೆ ಪರಸ್ಪರ ಮಾತಾಡುವ ಒಂದೊಂದು ಸಾಧನ. ಅದನ್ನು ತಂದ ದಿನ ಭಾವ ಅಕ್ಕನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಇಷ್ಟು ವರ್ಷ ನೀನು ಬೆನ್ನ ಹಿಂದೆ ಕೂತು ಹೇಳಿದ್ದೆಲ್ಲ ಗಾಳಿಗೆ ಹೋಯ್ತು. ಇನ್ಮೇಲೆ ಒಂದಕ್ಷರ ಬಿಡಲ್ಲ."

"ಅಷ್ಟೆಲ್ಲ ನೋಡ್ತಾ ರಸ್ತೆ ಯಾವಾಗ ನೋಡ್ತೀರಿ ಭಾವ?" ಎಂದು ಒಮ್ಮೆ ಕೆಣಕಿದ್ದೆ. "ದಾರಿ ಹುಡುಕೋ ಚಿಂತೆ ತಪ್ಪಿದ್ರೆ ರಸ್ತೆ ಮೇಲೆ ಗಮನ ಜಾಸ್ತಿ ಇರತ್ತೆ ಕಣೋ," ಎಂದರು. ಅದು ತೆಗೆದುಹಾಕುವಂಥ ವಾದವೇನೂ ಅಲ್ಲ. ಗೊತ್ತಿಲ್ಲದ ಬಡಾವಣೆಯಲ್ಲಿ ಗೋಡೆಗೋಡೆಯ ಫಲಕ ಓದುತ್ತ ಗಾಡಿ ಓಡಿಸುವವನಿಗಿಂತ, ಕಿವಿಯಲ್ಲಿ 'ಎಡಕ್ಕೆ' ಎಂಬ ಒಂದು ಶಬ್ದ ಕೇಳಿ ತಿರುಗುವವನು ಕ್ಷೇಮವೇ. ಆದರೆ ಭಾವನಿಗೆ ಒಂದು ಶಬ್ದದಿಂದ ತೃಪ್ತಿಯಿರಲಿಲ್ಲ.

ಒಂದು ದಿನ ಇಬ್ಬರೂ ಅಕ್ಕನ ಗೆಳತಿಯೊಬ್ಬಳ ಮನೆಗೆ ಹೊರಟಿದ್ದರು. ಪೆಟ್ರೋಲ್ ಬಂಕಿನಲ್ಲಿ ಅಕ್ಕ ಇಳಿದು, ಗೋಡೆಗೆ ಕೈಯೂರಿ ಚಪ್ಪಲಿಯೊಳಗಿನ ಕಲ್ಲು ಕೊಡವುತ್ತಿದ್ದಳು. ಭಾವ ಟ್ಯಾಂಕು ತುಂಬಿಸಿಕೊಂಡು ಪರದೆಯಲ್ಲಿ ಹೊಸ ದಾರಿ ಮೂಡುವುದನ್ನೇ ನೋಡುತ್ತ "ಆಯ್ತಾ?" ಎಂದರು. ಕಲ್ಲು ಬಿದ್ದಿತ್ತು. "ಆಯ್ತು," ಎಂದಳು ಅಕ್ಕ. ವಿಮಾನ ಹಾರಿತು.

ತನ್ನನ್ನು ಬಿಟ್ಟುಹೋದದ್ದನ್ನು ಮೊದಲು ಅವಳು ತಮಾಷೆಯೆಂದುಕೊಂಡಳಂತೆ. ಹೆಲ್ಮೆಟ್ಟಿನಲ್ಲಿ ಭಾವನ ದನಿ ಸ್ಪಷ್ಟವಾಗಿತ್ತು: "ತಿರುವು ಬಂತು, ಗಟ್ಟಿಯಾಗಿ ಹಿಡ್ಕೋ."

"ರೀ, ನಾನಿಲ್ಲೇ ಇದೀನಿ!"

"ಇನ್ನೆಲ್ಲಿರ್ತೀಯ?"

ಅಷ್ಟರಲ್ಲಿ ದೂರ ಹೆಚ್ಚಿ ಸಂಪರ್ಕ ಕಡಿದುಹೋಯಿತು. ಎರಡು ಸಲ ಕರೆದರೂ ಉತ್ತರ ಬಾರದಾಗ ಭಾವ ಕೈ ಹಿಂದಕ್ಕೆ ಚಾಚಿದರು; ಸೀಟು ಖಾಲಿ. ಹೆಂಡತಿ ಎಲ್ಲೋ ರಸ್ತೆಯಲ್ಲಿ ಬಿದ್ದುಹೋಗಿದ್ದಾಳೆಂದು ಜೀವ ಬಾಯಿಗೆ ಬಂದ ಆ ಗಳಿಗೆಯಲ್ಲೂ ಅವರು ಗಾಡಿ ನಿಲ್ಲಿಸಲಿಲ್ಲ; ಎಲ್ಲಿ ಹಿಂದಿರುಗಬಹುದೆಂದು ಪರದೆ ನೋಡಿದರು. ರಸ್ತೆ ಕೆಲಸದವರು ಸುರಿದಿದ್ದ ಮರಳಿನ ಗುಡ್ಡೆ ಪರದೆಯಲ್ಲಿ ಇರಲಿಲ್ಲ.

ಹಾಲಿನ ವ್ಯಾನಿನವನೊಬ್ಬನನ್ನು ಕಾಡಿ ಬೇಡಿ ಹತ್ತಿಕೊಂಡು ಬಂದ ಅಕ್ಕ ಕಂಡದ್ದು, ಕಾಲರ್ ಬೋನ್ ಮುರಿದು ಮರಳಿನ ಮೇಲೆ ಕೂತು, ಸತ್ತುಹೋದ ಹೆಲ್ಮೆಟ್ಟಿನೊಳಗೆ ಅವಳನ್ನೇ ಕೂಗುತ್ತಿದ್ದ ಗಂಡನನ್ನು.

ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ತೋಳಿಗೆ ಜೋಳಿಗೆಪಟ್ಟಿ ಕಟ್ಟಿಯಾಗಿತ್ತು. ಅಕ್ಕನಿಗೆ ಬಿಟ್ಟುಹೋದದ್ದಕ್ಕಾಗಲಿ ಬಿದ್ದದ್ದಕ್ಕಾಗಲಿ ಕೋಪವಿರಲಿಲ್ಲ. ಮಂಚದ ಅಂಚಿನಲ್ಲಿ ಕೂತು ಮೆಲ್ಲಗೆ ಕೇಳಿದಳು, "ಟೈರಲ್ಲಿ ಒಂಚೂರು ಗಾಳಿ ಇಳಿದ್ರೆ ಗೊತ್ತಾಗತ್ತೆ. ನಾನು ಇಳಿದಿದ್ದು ಗೊತ್ತಾಗ್ಲಿಲ್ವಾ ನಿಮಗೆ?"

ಭಾವ ಜೋಳಿಗೆಪಟ್ಟಿಯ ಗಂಟನ್ನು ಒಮ್ಮೆ ಎಳೆದು ನೋಡಿದರು. ಆಮೇಲೆ, "ನಿನ್ನ ಮಾತು ಕಿವೀಲೇ ಇತ್ತಲ್ಲ," ಎಂದರು. "ಅದಕ್ಕೆ ನೀನೂ ಇದೀಯ ಅನ್ಕೊಂಡೆ." ಅಕ್ಕ ಮುಖ ತಿರುಗಿಸಿಕೊಂಡಳು. ನಾನು ಕಾಫಿಯ ನೆಪ ಹೇಳಿ ಹೊರಗೆ ಹೋದೆ.

ಮೂಳೆ ಕೂಡಿದ ಮೇಲೆ ಅವರು ತಾವಾಗಿಯೇ ಒಂದೊಂದು ತಿರುಪು ಬಿಚ್ಚಿ ಎಲ್ಲವನ್ನೂ ಕಳಚಿದರು, ಮಕ್ಕಳ ಆಟಿಕೆ ಎತ್ತಿಡುವವರ ಮುಖ ಮಾಡಿಕೊಂಡು. ದಾರಿ ತೋರಿಸುವ ಪರದೆಯನ್ನು ಮಾತ್ರ ಅಕ್ಕ ಕಿತ್ತುಕೊಂಡಳು. "ಇದಿಲ್ದಿದ್ರೆ ನೀವು ನಮ್ಮ ಬೀದಿಗೂ ವಾಪಸ್ ಬರಲ್ಲ." ಈಗ ಅದು ಹಿಂದಿನ ಸೀಟಿನಲ್ಲಿ, ಅವಳ ಕೈಯಲ್ಲಿ. ಎಡಕ್ಕೆ ತಿರುಗಬೇಕಾದರೆ ಎಡಭುಜ ತಟ್ಟುತ್ತಾಳೆ, ಬಲಕ್ಕಾದರೆ ಬಲಭುಜ. ಎಡಬಲ ಅವಳಿಗೆ ಎಂದೂ ನೆಟ್ಟಗೆ ಗೊತ್ತಿಲ್ಲದ್ದರಿಂದ ನಮ್ಮ ಮನೆಗೆ ಬರುವಾಗಲೂ ಊರೆಲ್ಲ ಸುತ್ತಿ, ಧೂಳು ಮೆತ್ತಿಕೊಂಡು, ನಗುತ್ತ ಬಂದಿಳಿಯುತ್ತಾರೆ. ಮೊನ್ನೆ ಅವರ ಹಿಂದೆಯೇ ನಾನೂ ನನ್ನ ಗಾಡಿಯಲ್ಲಿ ಬರುತ್ತಿದ್ದೆ. ಭಾವನ ಎಡಗೈ ಸದ್ದಿಲ್ಲದೆ ಹಿಂದಕ್ಕೆ ಬಂದು ಅವಳ ಮೊಣಕಾಲನ್ನು ಮುಟ್ಟಿ ನೋಡಿತು. ಅಕ್ಕ ಆ ಕೈಗೆ ಫಟ್ಟನೆ ಹೊಡೆದಳು. "ಮುಂದೆ ನೋಡ್ರೀ!"

ಗಮನವಿಲ್ಲದವರು ಎಂದು ಇಂಥವರನ್ನು ಬಯ್ಯುವುದು ಸುಲಭ. ನನಗೆ ಮಾತ್ರ, ಅವರಲ್ಲಿ ಗಮನದ ಅತಿವೃಷ್ಟಿಯೇ ಇದೆ ಅನ್ನಿಸುತ್ತದೆ. ಪ್ರೀತಿಸಿದ ಜೀವದ ಸುತ್ತಲಿನ ಪ್ರತಿಯೊಂದು ಅಪಾಯವನ್ನೂ ಕಾಯಲು ಹೊರಟು, ಆ ಜೀವದ ಕಡೆ ತಿರುಗಲು ಪುರುಸೊತ್ತಿಲ್ಲದೆ ಹೋಗುವವರು ಅವರು. ಅವರ ತಪ್ಪಿಗೆ ಕ್ಷಮೆ ಸಿಗುವುದು ಯಾವ ನ್ಯಾಯದಿಂದಲೂ ಅಲ್ಲ. ಬೀದಿಯಲ್ಲಿ ಬಿಟ್ಟುಹೋದ ಮೇಲೂ ಸಿಕ್ಕ ಗಾಡಿ ಹತ್ತಿ ಹುಡುಕಿಕೊಂಡು ಬರುವ ಒಬ್ಬರು ಅವರಿಗೆ ಇರುವುದರಿಂದ.