ಕ್ಲಾಸಿಗೆ ಹೋಗುತ್ತಿದ್ದ ಟೇಲರಮ್ಮ

ಟೇಲರಮ್ಮ ಮೂರು ಸೆಮಿಸ್ಟರ್ ವಿಶ್ವವಿದ್ಯಾಲಯದಲ್ಲಿ ಕೂತು ಬಂದಳು, ಆದರೆ ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಓದುತ್ತಿದ್ದವಳು ಮಗಳು. ಎರಡು ವರ್ಷದ ಕೂಸಾಗಿದ್ದಾಗ ಬಂದ ಜ್ವರ ಮಗಳ ಕಿವಿಯನ್ನು ಕಿತ್ತುಕೊಂಡು ಹೋಗಿತ್ತು. ಭೂವಿಜ್ಞಾನವನ್ನೇ ಓದುತ್ತೇನೆಂದು ಅವಳು ಹಟ ಹಿಡಿದಾಗ, ಪಾಠವನ್ನು ಸನ್ನೆ ಭಾಷೆಯಲ್ಲಿ ಹೇಳುವವರು ನಮ್ಮಲ್ಲಿಲ್ಲ, ಬೇಕಾದರೆ ಮನೆಯವರೇ ಬಂದು ಕೂರಲಿ ಎಂದು ಕಚೇರಿಯವರು ಕೈತೊಳೆದುಕೊಂಡರು. ಮನೆಯಲ್ಲಿ ಇದ್ದದ್ದು ಇವರಿಬ್ಬರೇ. ಟೇಲರಮ್ಮ ಬೆಳಗಿನ ಹೊಲಿಗೆಯನ್ನು ಸಂಜೆಗೆ ದೂಡಿ, ಕರಿಹಲಗೆಯ ಪಕ್ಕ ಕುರ್ಚಿ ಹಾಕಿಕೊಂಡು, ಮಗಳಿಗೆ ಮುಖಮಾಡಿ ಕೂರತೊಡಗಿದಳು.

ಅವಳು ಓದಿದ್ದು ಹತ್ತನೇ ಕ್ಲಾಸು. ಮೊದಮೊದಲು ಮೇಷ್ಟ್ರು ಹೇಳಿದ್ದರಲ್ಲಿ ಅರ್ಧಕ್ಕರ್ಧ ತಲೆಯ ಮೇಲೆ ಹಾರಿಹೋಗುತ್ತಿತ್ತು. ತನಗೇ ತಿಳಿಯದ್ದನ್ನು ಕೈಯಲ್ಲಿ ಹೇಳುವುದು ಹೇಗೆ? ಮಗಳ ಪುಸ್ತಕವನ್ನು ಹಿಂದಿನ ದಿನವೇ ಓದಿಕೊಂಡು ಹೋಗತೊಡಗಿದಳು. ಸನ್ನೆಯಿಲ್ಲದ ಪದಗಳಿಗೆ ತಾಯಿ ಮಗಳು ಸೇರಿ ಸನ್ನೆ ಕಟ್ಟಿದರು. ಪದರಶಿಲೆಗೆ ಮಡಿಸಿಟ್ಟ ಬಟ್ಟೆ, ಜ್ವಾಲಾಮುಖಿಗೆ ಉಕ್ಕುವ ಹಾಲು. ಎರಡನೇ ಸೆಮಿಸ್ಟರಿನ ಹೊತ್ತಿಗೆ ಅವಳಿಗೆ ರುಚಿ ಹತ್ತಿಬಿಟ್ಟಿತ್ತು. ಅಳತೆ ಕೊಡಲು ಬಂದ ಗಿರಾಕಿಗಳಿಗೆ, ನಿಮ್ಮನೆ ಮೆಟ್ಟಿಲಿನ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದಲ್ಲಿತ್ತು ಎಂದು ಹೇಳುತ್ತ ತೋಳಿನ ಅಳತೆ ಬರೆದುಕೊಳ್ಳುವುದನ್ನೇ ಮರೆಯುತ್ತಿದ್ದಳು.

ಆಮೇಲೆ ಕಿವಿ ಕೇಳದ ಇನ್ನಿಬ್ಬರು ಅಲ್ಲಿಗೇ ಸೇರಿದರು. ಮಗಳೇ ಮುಂದಾಗಿ, ಪಾಠ ಎಲ್ಲರಿಗೂ ತಲುಪುವಂತೆ ಮಾಡುವುದು ವಿಶ್ವವಿದ್ಯಾಲಯದ ಹೊಣೆ, ಅಮ್ಮಂದಿರದ್ದಲ್ಲ ಎಂದು ಅರ್ಜಿ ಬರೆದಳು. ತಿಂಗಳುಗಟ್ಟಲೆ ಅಲೆದಾಡಿದ ಮೇಲೆ, ಸನ್ನೆ ಭಾಷೆಯಲ್ಲಿ ತರಬೇತಿ ಪಡೆದ ದುಭಾಷಿಯೊಬ್ಬಳು ಕೆಲಸಕ್ಕೆ ಬಂದಳು. ಆದೇಶದ ಕಾಗದ ತಂದ ದಿನ ಮಗಳ ಕೈಗಳು ಒಂದೆಡೆ ನಿಲ್ಲದೆ ಕುಣಿದವು.

"ಇನ್ನು ನಿನಗೆ ಬಿಡುವು, ಅಮ್ಮ. ಆರಾಮಾಗಿ ಹೊಲ್ಕೊಂಡಿರು."

ಟೇಲರಮ್ಮ ಅವಳನ್ನು ತಬ್ಬಿಕೊಂಡಳು. ಖುಷಿ ಸುಳ್ಳಲ್ಲ. ಎದೆಯ ಮೂಲೆಯಲ್ಲಿ ಏನೋ ಚುಳುಕ್ಕೆಂದದ್ದೂ ಸುಳ್ಳಲ್ಲ.

ಅವಳು ಕ್ಲಾಸಿನಲ್ಲಿ ಕೂತ ಕೊನೆಯ ಶುಕ್ರವಾರ ಮೇಷ್ಟ್ರು, ಕಲ್ಲಿನ ವಯಸ್ಸನ್ನು ಹೇಗೆ ಕಂಡುಹಿಡಿಯುತ್ತಾರೆ ಎಂಬ ಪಾಠ ಶುರುಮಾಡಿ, ಗಂಟೆ ಹೊಡೆದಿದ್ದರಿಂದ ಮಿಕ್ಕದ್ದು ಸೋಮವಾರ ಎಂದಿದ್ದರು. ಸೋಮವಾರ ಅವಳು ಮನೆಯಲ್ಲಿದ್ದಳು. ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಟೇಲರಮ್ಮ ಆ ಮಿಕ್ಕ ಪಾಠವನ್ನು ಕೇಳಿದಳು. ಮಗಳು ನಾಲ್ಕು ಸನ್ನೆಯಲ್ಲಿ ಮುಗಿಸಿ, ಗೆಳತಿಯರ ಮೆಸೇಜು ನೋಡುತ್ತ ಕೂತಳು. ಒಂದು ವಾರ ಹೇಗೋ ಕಳೆಯಿತು. ತಡೆಯಲಾರದೆ ಟೇಲರಮ್ಮ, ನಾನೂ ಬಂದು ಹಿಂದೆ ಸುಮ್ಮನೆ ಕೂರಲಾ ಎಂದಳು.

ಮಗಳು ಅಮ್ಮನ ಎದುರಿಗೆ ಬಂದು ಕೂತಳು.

"ಬೇಜಾರು ಮಾಡ್ಕೋಬೇಡ. ಈಗಷ್ಟೇ ಅವರೆಲ್ಲ ನನ್ನನ್ನ ತಮ್ಮಲ್ಲಿ ಒಬ್ಬಳು ಅಂತ ನೋಡ್ತಿದ್ದಾರೆ. ನೀನು ಬಂದ್ರೆ ಮತ್ತೆ ಅಮ್ಮನ ಜೊತೆ ಬರೋ ಹುಡುಗಿ ಆಗ್ಬಿಡ್ತೀನಿ."

ಸರಿ ಬಿಡು ಎಂದು ಟೇಲರಮ್ಮ ಎದ್ದುಹೋಗಿ ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟಳು. ಇಸ್ತ್ರಿ ಮಾಡುವ ಬಟ್ಟೆ ಒಂದೂ ಇರಲಿಲ್ಲ.

ಕ್ಲಾಸಿಗೆ ಬಂದು ಹೋಗಲು ಕಚೇರಿಯವರು ಕೊಟ್ಟಿದ್ದ ಪಾಸನ್ನು ಹಿಂದಿರುಗಿಸುವ ನೆಪದಲ್ಲಿ ಒಂದು ದಿನ ಹೋದಳು. ಕ್ಲಾಸಿನ ಬಾಗಿಲ ಗಾಜಿನಿಂದ ಇಣುಕಿದಳು. ದುಭಾಷಿಯ ಕೈಗಳು ಎಲ್ಲೂ ತಡವರಿಸುತ್ತಿರಲಿಲ್ಲ. ಮೇಷ್ಟ್ರು ಏನೋ ತಮಾಷೆ ಮಾಡಿದರು. ಎಲ್ಲರೂ ನಕ್ಕ ಹೊತ್ತಿಗೇ ಮಗಳೂ ನಕ್ಕಳು. ಮೂರು ಸೆಮಿಸ್ಟರಿನಲ್ಲಿ ತಾನು ಮೇಷ್ಟ್ರ ಒಂದು ತಮಾಷೆಯನ್ನೂ ಮಗಳಿಗೆ ದಾಟಿಸಿರಲಿಲ್ಲ ಎಂಬುದು ಟೇಲರಮ್ಮನಿಗೆ ಆಗ ಹೊಳೆಯಿತು. ಪಾಠವೊಂದು ಮುಟ್ಟಿದರೆ ಸಾಕೆಂದು ಬಿಟ್ಟುಬಿಡುತ್ತಿದ್ದಳು. ಆಗಿದ್ದು ಒಳ್ಳೆಯದೇ ಆಯಿತೆಂದು ಮನಸ್ಸಿಗೆ ಹೇಳಿಕೊಂಡಳು. ಆದರೂ ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಗಂಟೆ ಹೊಡೆದಾಗ ಮಗಳ ಕಣ್ಣಿಗೆ ಬೀಳದಂತೆ ಮೆಟ್ಟಿಲ ಮರೆಗೆ ಸರಿದಳು. ಅಲ್ಲಿ ಮೇಷ್ಟ್ರು ಎದುರಾದರು. ಹೇಗಿದ್ದೀರಿ ಎಂದು ವಿಚಾರಿಸಿ ಅರೆಗಳಿಗೆ ನಿಂತರು.

"ಪಾಠ ಮಾಡ್ವಾಗ ನಿಮ್ಮ ಮುಖ ನೋಡ್ತಿದ್ದೆ. ನೀವು ಹುಬ್ಬು ಗಂಟಿಕ್ಕಿದ್ರೆ ಇನ್ನೊಂದು ಸಲ ಹೇಳ್ಬೇಕು ಅಂತ ಗೊತ್ತಾಗ್ತಿತ್ತು."

"ನಾನು ಓದ್ಬಹುದಾ ಸರ್?" ಮಾತು ತಾನಾಗಿಯೇ ಬಾಯಿಂದ ಬಿತ್ತು.

ಮೇಷ್ಟ್ರು ನಗಲಿಲ್ಲ. ಧಾರಾಳವಾಗಿ ಓದಬಹುದು, ಆದರೆ ಮೊದಲು ಹನ್ನೆರಡನೇ ಕ್ಲಾಸು ಮುಗಿಸಬೇಕು, ಅದಕ್ಕೆ ಸಂಜೆ ಕಾಲೇಜಿದೆ ಎಂದರು. ಮೆಟ್ಟಿಲಿಳಿಯುತ್ತ ಅವಳು ಬೆರಳು ಮಡಿಚಿ ಎಣಿಸಿದಳು. ತಾನು ಈ ಕ್ಲಾಸಿಗೆ ಬರುವ ಹೊತ್ತಿಗೆ ನಲವತ್ತೊಂಬತ್ತು ತುಂಬಿರುತ್ತದೆ. ಮಗಳು ಇಲ್ಲಿಂದ ಹೊರಟುಹೋಗಿರುತ್ತಾಳೆ.

ವಿಷಯ ಹೇಳಿದಾಗ ಮಗಳ ಮುಖ ಸಪ್ಪಗಾಯಿತು. "ನನ್ನ ಮೇಲಿನ ಸಿಟ್ಟಿಗಾ?"

"ಅಲ್ಲ ಕಣೇ. ನನಗೆ ಬೇಕು ಅನ್ಸುತ್ತೆ, ಅಷ್ಟೇ."

ಮಗಳು ತನ್ನ ಹಳೆಯ ಪುಸ್ತಕದ ಚೀಲವನ್ನು ಒಗೆದು ಕಿಟಕಿಗೆ ಒಣಹಾಕಿದಳು.

ಸಂಜೆ ಕಾಲೇಜಿನ ಮೊದಲ ದಿನ ಟೇಲರಮ್ಮನಿಗೆ ಮೂರನೇ ಸಾಲಿನಲ್ಲಿ, ಒಬ್ಬ ಬಸ್ ಡ್ರೈವರನ ಪಕ್ಕ ಜಾಗ ಸಿಕ್ಕಿತು. ಪಾಠ ಮಾಡುವವರು ಮೊದಲ ವಾಕ್ಯ ಹೇಳುತ್ತಿದ್ದಂತೆ ಅವಳ ಎರಡೂ ಕೈ ತಾವಾಗಿಯೇ ಮೇಲೆದ್ದವು. ನೋಡಲು ಎದುರಿಗೆ ಯಾರೂ ಇರಲಿಲ್ಲ. ಕೈ ಇಳಿಸಿ ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಎರಡು ವಾಕ್ಯ ದಾಟಿಹೋಗಿದ್ದವು.

"ಏನಂದ್ರು?" ಎಂದು ಡ್ರೈವರನನ್ನು ಕೇಳಿದಳು. ಅವನು ತನ್ನ ನೋಟ್‌ಬುಕ್ಕನ್ನು ಅವಳ ಕಡೆಗೆ ಸರಿಸಿದ.