ಅತ್ತೆಯ ಬೀಜಗಣಿತ, ಮಾವನ ಹೊಟ್ಟೆಯುರಿ

ಅಡುಗೆಮನೆಯ ಮೇಜಿನ ಹತ್ತಿರ ಅತ್ತೆ ಸೊಸೆ ಮತ್ತೆ ನಕ್ಕರು. ಈಚೆ ಕೋಣೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ ಮೇಷ್ಟರ ಹೊಟ್ಟೆಯಲ್ಲಿ ಯಾರೋ ಒಲೆ ಹಚ್ಚಿದಂತಾಯಿತು. ಅತ್ತೆ ಸೊಸೆಯರೆಂದರೆ ಜಗಳ ಎನ್ನುತ್ತದೆ ಲೋಕ. ಈ ಮನೆಗೆ ಮಾತ್ರ ಆ ಭಾಗ್ಯವಿಲ್ಲ. ಇಬ್ಬರೂ ಕೂತು ಹರಟುತ್ತಿದ್ದರೆ ಹಾಳಾಗಲಿ ಎನ್ನಬಹುದಿತ್ತು. ಅವರು ಬೀಜಗಣಿತ ಮಾಡುತ್ತಿದ್ದರು.

ಮೇಷ್ಟರು ಹೈಸ್ಕೂಲಿನಲ್ಲಿ ಜೀವಮಾನವಿಡೀ ಗಣಿತ ಹೇಳಿ ನಿವೃತ್ತರಾದವರು. ಅವರ ಹೆಂಡತಿ ಗಣಿತವೊಂದರಲ್ಲೇ ನಪಾಸಾಗಿ, ಓದು ಬಿಟ್ಟು, ಶಿಶುವಿಹಾರದಲ್ಲಿ ಆಯಾ ಆಗಿ ಮಕ್ಕಳ ಮೂಗೊರೆಸುತ್ತ ಬಂದವರು. ಆ ಒಂದು ವಿಷಯ ಪಾಸು ಮಾಡಿಕೊಂಡರೆ ಟೀಚರ್ ಮಾಡುತ್ತೇವೆ ಎಂದು ಶಿಶುವಿಹಾರದವರು ಹೇಳಿದ್ದೇ ತಡ, ಪರೀಕ್ಷೆಗೆ ಕಟ್ಟಿದರು. ಅಂದು ಸಂಜೆ ಮೇಷ್ಟರು ಕನ್ನಡಕ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಕಾದರು. ಹೆಂಡತಿ ಪುಸ್ತಕ ಹಿಡಿದು ಬಂದರು, ಅವರನ್ನು ದಾಟಿಕೊಂಡು ಹೋದರು, ಸೊಸೆಯ ಮುಂದೆ ಕೂತರು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಸೊಸೆಯ ಮುಂದೆ! ಮನೆಯಲ್ಲೇ ಬಾವಿಯಿರುವಾಗ ಪಕ್ಕದ ಬೀದಿಯ ನಲ್ಲಿಗೆ ಕೊಡ ಹೊತ್ತ ಹಾಗೆ.

“ಸಮ ಚಿಹ್ನೆಯ ಎರಡು ಕಡೇನೂ ಇಬ್ಬರು ಸೊಸೆಯಂದಿರು ಅಂದ್ಕೊಳ್ಳಿ ಅತ್ತೆ,” ಎನ್ನುತ್ತಿದ್ದಳು ಸೊಸೆ, ಬಟಾಣಿ ಸುಲಿಯುತ್ತ. “ಒಬ್ಬಳಿಗೆ ಏನು ಕೊಟ್ರೂ ಇನ್ನೊಬ್ಬಳಿಗೂ ಕೊಡ್ಬೇಕು. ಒಬ್ಬಳಿಂದ ಐದು ಕಿತ್ಕೊಂಡ್ರೆ?”

“ಇನ್ನೊಬ್ಬಳಿಂದಾನೂ ಐದು ಕಿತ್ಕೋಬೇಕು. ಇಲ್ದಿದ್ರೆ ಮನೆ ಉಳಿಯಲ್ಲ.” ಮತ್ತೆ ನಗು.

ಮೇಷ್ಟರು ನೀರು ಕುಡಿಯುವ ನೆಪದಲ್ಲಿ ಒಳಗೆ ಬಂದರು. ಬಾಯಾರಿಕೆ ಇರಲಿಲ್ಲ; ಆ ಸಂಜೆ ಅದಾಗಲೇ ಹೊಟ್ಟೆ ತುಂಬ ನೀರು ಕುಡಿದಿದ್ದರು.

“ಅಷ್ಟುದ್ದ ಯಾಕೆ? ಐದನ್ನ ಆಚೆಗೆ ಹಾಕು, ಚಿಹ್ನೆ ಬದಲಾಯಿಸು, ಮುಗೀತು.”

“ನೀವು ನೀರು ಕುಡೀರಿ,” ಎಂದರು ಹೆಂಡತಿ.

ಸೊಸೆಗೆ ಸಂಜೆ ಪಾಳಿ ಬಿದ್ದ ದಿನ ಮೇಷ್ಟರಿಗೆ ಹಬ್ಬ. ಹೆಂಡತಿ ಒಂಟಿಯಾಗಿ ಅಸಮತೆಗಳ ಪಾಠ ತೆರೆದು ಕೂತಿದ್ದರು. ಇವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಯಾರೂ ಬೇಡವೆನ್ನಲಿಲ್ಲ.

7 − 3x > 1. ಹೆಂಡತಿ ತುಟಿಯಲ್ಲೇ ಹೇಳಿಕೊಳ್ಳುತ್ತ ಎರಡೂ ಕಡೆಯಿಂದ ಏಳು ಕಳೆದರು. −3x > −6 ಎಂದು ಗುಂಡಗೆ ಬರೆದರು. ಆಮೇಲೆ ಪೆನ್ಸಿಲನ್ನು ಕೆನ್ನೆಗೆ ಒತ್ತಿಕೊಂಡು ಯೋಚಿಸತೊಡಗಿದರು. ಮೇಷ್ಟರ ಕಾಲು ಮೇಜಿನ ಕೆಳಗೆ ಕುಣಿಯಿತು. ತಡೆಯಲಾಗಲಿಲ್ಲ. ಹೆಂಡತಿಯ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು x < 2 ಎಂದು ಗೀಚಿ, ಅಡಿಗೆರೆಯನ್ನೂ ಎಳೆದರು.

“ನೋಡ್ದ್ಯಾ? ಋಣಸಂಖ್ಯೆಯಿಂದ ಭಾಗಿಸಿದ್ರೆ ಚಿಹ್ನೆ ತಿರುಗುತ್ತೆ. ಎಷ್ಟು ಸುಲಭ!”

“ಸುಲಭವೇ.” ಹೆಂಡತಿ ಎದ್ದು ಪಾತ್ರೆ ತೊಳೆಯಲು ಹೋದರು.

“ಅರೆ, ಎದ್ದ್ಯಲ್ಲ? ಇನ್ನೂ ಲೆಕ್ಕ ಇದೆ.”

“ಉತ್ತರ ಬಂತಲ್ಲ ನಿಮ್ಗೆ. ಎಲ್ಲಾನೂ ನೀವೇ ಮಾಡ್ಬಿಡಿ. ಪರೀಕ್ಷೆಗೂ ನೀವೇ ಹೋಗಿ ಬನ್ನಿ, ನಾನು ಇಲ್ಲಿ ಪಾತ್ರೆ ತೊಳ್ಕೊಂಡಿರ್ತೀನಿ.” ನಲ್ಲಿ ಜೋರಾಯಿತು. “ಮದುವೆಯಾದ ಹೊಸದರಲ್ಲಿ ಒಂದು ಲೆಕ್ಕ ತಂದಿದ್ದೆ. ಆಗಲೂ ಹೀಗೇ ಕಿತ್ಕೊಂಡ್ರಿ. ಸೊಸೆ ನನ್ನ ಪೆನ್ಸಿಲ್ ಮುಟ್ಟಲ್ಲ ರೀ.”

ಮೇಷ್ಟರು ಅಡಿಗೆರೆ ಎಳೆದ ಉತ್ತರವನ್ನು ನೋಡುತ್ತ ಕೂತರು. ಸರಿಯಾಗಿತ್ತು. ಅಷ್ಟೊಂದು ಸರಿಯಾಗಿ ಅವರು ಎಂದೂ ಸೋತಿರಲಿಲ್ಲ.

ಕೊನೆಗೆ ಹೊಸ ಪುಟದಲ್ಲಿ 9 − 2x > 1 ಎಂದು ಬರೆದು, ಪೆನ್ಸಿಲನ್ನು ಪುಟದ ಮೇಲಿಟ್ಟು, ಕೈ ಕಟ್ಟಿಕೊಂಡರು. “ಬಾರೇ. ಮುಟ್ಟಲ್ಲ.”

ಹೆಂಡತಿ ಕೈ ಒರೆಸಿಕೊಂಡು ಅನುಮಾನದಿಂದಲೇ ಬಂದರು. ಎರಡೂ ಕಡೆಯಿಂದ ಒಂಬತ್ತು ಹೋಯಿತು. −2x > −8 ಬಂತು. ಆಮೇಲೆ ನಿಧಾನವಾಗಿ, ತಪ್ಪಾಗಿ, x > 4 ಎಂದು ಬರೆದರು.

ಮೇಷ್ಟರ ಬೆರಳುಗಳು ಕಂಕುಳಲ್ಲಿ ಒದ್ದಾಡಿದವು. ಸೊಸೆಯಾಗಿದ್ದರೆ ಈಗೇನು ಹೇಳುತ್ತಿದ್ದಳು? ಯಾವ ಸೊಸೆಯಂದಿರ ಕತೆ ಕಟ್ಟುತ್ತಿದ್ದಳು? ಅವರಿಗೆ ಕತೆ ಬರುತ್ತಿರಲಿಲ್ಲ.

“ಎಕ್ಸ್ ಇದ್ದ ಕಡೆ ಐದು ಹಾಕಿ ನೋಡು,” ಎಂದರು. ಮಿಕ್ಕ ಮಾತನ್ನೆಲ್ಲ ನುಂಗಿಕೊಂಡರು.

“ಐದು ನಾಲ್ಕಕ್ಕಿಂತ ದೊಡ್ಡದು, ಸರಿ. ಎರಡೈದ್ಲಿ ಹತ್ತು. ಒಂಬತ್ತರಲ್ಲಿ ಹತ್ತು ಹೋದ್ರೆ... ಮೈನಸ್ ಒಂದು. ಮೈನಸ್ ಒಂದು ಒಂದಕ್ಕಿಂತ ದೊಡ್ಡದಾ? ಎಲ್ಲಿ ಆಗುತ್ತೆ!” ಪೆನ್ಸಿಲ್ ಹಿಂದಕ್ಕೆ, ಸಾಲಿನಿಂದ ಸಾಲಿಗೆ ಹತ್ತಿತು, ಒಂದು ಕಡೆ ನಿಂತಿತು. “ಅಯ್ಯೋ, ಮೈನಸ್ ಎರಡರಿಂದ ಭಾಗಿಸಿದೀನಿ! ಚಿಹ್ನೆ ತಿರುಗಿಸ್ಲೇ ಇಲ್ಲ. ನಾಲ್ಕಕ್ಕಿಂತ ಚಿಕ್ಕದು! ಮೂರು ಹಾಕಿದ್ರೆ... ಒಂಬತ್ತರಲ್ಲಿ ಆರು, ಮೂರು. ಸರಿ! ಸರಿಯಾಯ್ತು ರೀ!”

ಹೆಂಡತಿಯ ಮುಖ ಅರಳಿದ್ದನ್ನು ಮೇಷ್ಟರು ಇಷ್ಟು ಹತ್ತಿರದಿಂದ ಕಂಡು ಯಾವ ಕಾಲವಾಗಿತ್ತೋ. ಶಹಬ್ಬಾಸ್ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ ಫೋನಿಗೆ ಕೈಹಾಕಿಯಾಗಿತ್ತು.

“ಏ ಪುಟ್ಟಿ, ಕೆಲಸದಲ್ಲಿದ್ದೀಯಾ? ಒಂದೇ ನಿಮಿಷ. ಅಸಮತೆ ಬಂತು ಕಣೇ! ತಪ್ಪು ಮಾಡಿದ್ದೆ, ನಾನೇ ಹಿಡಿದೆ. ಯಾರೂ ಹೇಳ್ಕೊಡ್ಲಿಲ್ಲ... ಮಾವನಾ? ಇದಾರೆ, ಇಲ್ಲೇ ಸುಮ್ನೆ ಕೂತಿದಾರೆ.”

ಸುಮ್ಮನೆ ಕೂತಿದ್ದರಂತೆ! ಮೈಯೆಲ್ಲ ಬೆವೆತಿತ್ತು. ಫೋನಿನಾಚೆ ಸೊಸೆ ಸಂತೋಷದಿಂದ ಕೂಗಿದ್ದು ಇಲ್ಲಿಗೂ ಕೇಳಿಸಿತು. ಮೇಷ್ಟರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಪುಟ ಮಗುಚತೊಡಗಿದರು. ತಾವು ಪಕ್ಕದಲ್ಲಿ ಸುಮ್ಮನೆ ಕೂತರೆ ಹೆಂಡತಿಗೆ ಬರುವಂಥ, ಆ ಪುಟ್ಟಿಗೆ ಮಾತ್ರ ಬಾರದಂಥ ಲೆಕ್ಕ ಇದರಲ್ಲಿ ಒಂದಾದರೂ ಇದ್ದೇ ಇರಬೇಕು.